ಹಸಿರು ಡಬ್ಬದ ನಂಬರು

ನವೆಂಬರ್ ತಿಂಗಳ ಒಂದು ಭಾನುವಾರ, ಬೆಳಿಗ್ಗೆ ಆರೂಮುಕ್ಕಾಲು ಗಂಟೆ. ಸ್ಥಳ, ಹೊನ್ನಾವರದ ನಮ್ಮ ಮನೆಯ ಅಂಗಳ. ಹಾಜರಿದ್ದವರು ನಾನು, ನನ್ನ ಹೆಂಡತಿ ಶಾರದೆ, ನನ್ನ ಅಕ್ಕ ಗೋದಾವರಿ ಮತ್ತು ಇಪ್ಪತ್ತೆರಡು ವರ್ಷ ಪ್ರಾಯದ ನನ್ನ ಕಾರು. ಮೂವತ್ತೆರಡು ವರ್ಷ ಶಾಲೆಯಲ್ಲಿ ಡ್ರಿಲ್ ಮಾಸ್ತರನಾಗಿದ್ದವನು ನಾನು. ಹಾಜರಿ ತೆಗೆದುಕೊಳ್ಳದೆ ಯಾವ ಕೆಲಸವನ್ನೂ ಶುರು ಮಾಡಲು ನನ್ನಿಂದಾಗದು. ಶಿಸ್ತಿನ ಮನುಷ್ಯನಿಗೆ ಕಷ್ಟ ಬರುವುದಿಲ್ಲ ಎಂದು ಅಷ್ಟೂ ವರ್ಷ ಮಕ್ಕಳಿಗೆ ಹೇಳುತ್ತ ಬಂದೆ. ಅದು ಸುಳ್ಳು. ಶಿಸ್ತಿನ ಮನುಷ್ಯನಿಗೂ ಕಷ್ಟ ಬರುತ್ತದೆ. ಸರಿಯಾದ ಹೊತ್ತಿಗೆ ಬರುತ್ತದೆ, ಅಷ್ಟೆ.

ಮರುದಿನ ಸೋಮವಾರ ಎಂಟು ಗಂಟೆಗೆ ಕುಮಟೆಯ ಆಸ್ಪತ್ರೆಯಲ್ಲಿ ಅಕ್ಕನ ಕಣ್ಣಿನ ಪೊರೆ ತೆಗೆಯುವುದೆಂದು ನಿಶ್ಚಯವಾಗಿತ್ತು. ಹೀಗೆ ನಿಶ್ಚಯವಾದದ್ದು ಮೂರನೆಯ ಸಲ. ಮೊದಲ ಸಲ ಅವಳಿಗೆ ಹಿಂದಿನ ದಿನವೇ ಹಲ್ಲುನೋವು ಬಂದಿತು. ಎರಡನೆಯ ಸಲ ಹೊರಡುವಾಗ ಬೆಕ್ಕು ಅಡ್ಡ ಬಂದಿತು. ಬೆಕ್ಕನ್ನು ಕಂಡವಳು ಅವಳೊಬ್ಬಳೇ. ಊಟಕ್ಕೆ ಕೂತರೆ ಉಪ್ಪಿನಕಾಯಿ ತಟ್ಟೆಯ ಯಾವ ಬದಿಗಿದೆ ಎಂದು ಬೆರಳಿನಿಂದ ಹುಡುಕುವವಳಿಗೆ ರಸ್ತೆಯಾಚೆಯ ಬೆಕ್ಕು ಕಂಡಿತ್ತು. ಇನ್ನೂ ಬಿಟ್ಟರೆ ಪೊರೆ ಗಟ್ಟಿಯಾಗಿ ತೆಗೆಯುವುದೇ ಕಷ್ಟವಾದೀತು ಎಂದು ಡಾಕ್ಟರು ನನ್ನನ್ನು ಪ್ರತ್ಯೇಕ ಕರೆದು ಹೇಳಿದ್ದರು. ಬಸ್ಸು ಹತ್ತಿದರೆ ಅಕ್ಕನಿಗೆ ವಾಂತಿ. ಬಾಡಿಗೆ ಗಾಡಿಯ ಮೇಲೆ ನಂಬಿಕೆಯಿಲ್ಲ. “ತಮ್ಮನ ಗಾಡಿಯಲ್ಲಾದರೆ ಬತ್ತೆ, ಇಲ್ಲದಿರೆ ಇಲ್ಲ” ಎಂದು ಆಕೆ ಮೊದಲೇ ಸಾರಿಬಿಟ್ಟಿದ್ದಳು.

ಇಂಥ ದಿನದ ಹಿಂದಿನ ದಿನ ತಲೆ ಸರಿಯಿರುವ ಯಾರೂ ಕಾರನ್ನು ಮುಟ್ಟುವುದಿಲ್ಲ. ನಾನು ಮುಟ್ಟಿದೆ. ಎಂಜಿನ್ನಿನ ಎಣ್ಣೆಯನ್ನೂ ಗೇರ್ ಪೆಟ್ಟಿಗೆಯ ಎಣ್ಣೆಯನ್ನೂ ಬದಲಿಸುವ ಗಡುವು ಹತ್ತಿರ ಬಂದಿತ್ತು. ಗಡುವಿನ ಎಣ್ಣೆಯಲ್ಲಿ ಅಕ್ಕನನ್ನು ಕೂರಿಸಿಕೊಂಡು ಹೋಗುವುದು ಹೇಗೆ? ನನ್ನ ಕಾರಿನ ಪುಸ್ತಕದಲ್ಲಿ ಕೆಲಸದ ಕ್ರಮ ಬರೆದಿದೆ. ಒಂದು, ಹಳೆಯ ಎಣ್ಣೆ ಇಳಿಸುವುದು. ಎರಡು, ಹೊಸ ಎಣ್ಣೆ ತರುವುದು. ಕಾರು ಕೊಂಡ ಉತ್ಸಾಹದಲ್ಲಿ ನಾನೇ ಬರೆದ ಈ ಕ್ರಮದಲ್ಲಿ ಏನೋ ಒಂದು ದೋಷವಿದೆ ಎಂದು ಇಷ್ಟು ವರ್ಷ ನನಗೆ ಹೊಳೆದಿರಲಿಲ್ಲ. ಏಳೂಕಾಲಿಗೆ ಎರಡೂ ಎಣ್ಣೆ ಎರಡು ಬಕೆಟ್ಟಿಗೆ ಇಳಿದಿದ್ದವು. ಏಳೂವರೆಗೆ ಹೊಳೆಯಾಚೆಯ ಕಾಸರಕೋಡಿನ ಮೀನುಗಾರ ಮಾಸ್ತಪ್ಪ ಬಂದು ಎರಡನ್ನೂ ಸೈಕಲ್ಲಿಗೆ ನೇತುಹಾಕಿಕೊಂಡು ಹೋದ. ಕಾರಿನಿಂದ ಇಳಿಸಿದ ಎಣ್ಣೆಯನ್ನು ನಮ್ಮ ಕಡೆ ಯಾರೂ ಚೆಲ್ಲುವುದಿಲ್ಲ. ಬೇಲಿಯ ಗೂಟಕ್ಕೆ, ಬಾಗಿಲ ಚೌಕಟ್ಟಿಗೆ, ದೋಣಿಯ ಹಲಗೆಗೆ ಬಳಿದರೆ ಗೆದ್ದಲು ಹತ್ತಿರ ಸುಳಿಯುವುದಿಲ್ಲ. ಮಾಸ್ತಪ್ಪನ ದೋಣಿ ಹತ್ತು ವರ್ಷದಿಂದ ನನ್ನ ಕಾರಿನ ಎಣ್ಣೆಯಲ್ಲೇ ಬಾಳಿಕೊಂಡು ಬಂದಿದೆ.

ಎಂಟು ಗಂಟೆಗೆ ಪೇಟೆಗೆ ಹೋಗಿ ಪಾಂಡುರಂಗನ ಅಂಗಡಿಯ ಮುಂದೆ ನಿಂತು ಎಂದಿನಂತೆ ಹೇಳಿದೆ: “ದೊಡ್ಡ ಹಸಿರು ಡಬ್ಬ ಒಂದು, ಸಣ್ಣ ಹಸಿರು ಡಬ್ಬ ಒಂದು.”

“ಹಸಿರು ಡಬ್ಬ ಬರುದು ನಿಂತು ಆರು ತಿಂಗಳಾತು ಮಾಸ್ತರ್ರೆ. ನಂಬರ್ ಹೇಳಿ, ಬೇರೆ ಕಂಪನಿದು ಕೊಡ್ತೆ.”

“ಎಂಥ ನಂಬರು?”

“ಎಣ್ಣೆಯ ನಂಬರು. ಎಷ್ಟು ದಪ್ಪ, ಎಷ್ಟು ತೆಳು ಅಂತ ಇರ್ತದಲ್ಲ, ಅದು.”

ನಾನು ಜೇಬಿನಿಂದ ಪುಸ್ತಕ ತೆಗೆದೆ. ಇಪ್ಪತ್ತೆರಡು ವರ್ಷದ ಲೆಕ್ಕ. ಎಣ್ಣೆ ಬದಲಿಸಿದ ದಿನ, ವಾರ, ಗಂಟೆ, ಓಡಿದ ಕಿಲೋಮೀಟರು, ಆ ದಿನದ ಹವೆ ಎಲ್ಲವೂ ಇದೆ. ಎಣ್ಣೆ ಯಾವುದು ಎಂಬಲ್ಲಿ ಮಾತ್ರ ಪ್ರತಿ ಸಲವೂ ದುಂಡು ಅಕ್ಷರದಲ್ಲಿ “ಹಸಿರು ಡಬ್ಬ” ಎಂದಿದೆ. ಮನೆಗೆ ಓಡಿ ಬಂದು ಕಾರಿನ ಜೊತೆ ಕಂಪನಿಯವರು ಕೊಟ್ಟಿದ್ದ ಕೈಪಿಡಿ ತೆಗೆದೆ. ದೀಪ, ಬ್ರೇಕು, ಹಾರ್ನು ಎಲ್ಲ ಇದ್ದವು. ಎಣ್ಣೆಯ ಪುಟಗಳಿದ್ದ ಜಾಗದಲ್ಲಿ ಗೆದ್ದಲು ಮಣ್ಣಿನ ಗೂಡು ಕಟ್ಟಿತ್ತು. ಊರ ದೋಣಿಗಳನ್ನೆಲ್ಲ ಗೆದ್ದಲಿನಿಂದ ಕಾಪಾಡಿದವನ ಮನೆಯ ಕಪಾಟು!

ಮತ್ತೆ ಅಂಗಡಿ. ಪಾಂಡುರಂಗ ರೋಗಿಯನ್ನು ವಿಚಾರಿಸುವಂತೆ ವಿಚಾರಿಸಿದ. “ಗಾಡಿ ಎಣ್ಣೆ ಕುಡಿತದಾ? ಹೊಗೆ ಬಿಡ್ತದಾ? ಹೊಗೆ ಬಿಟ್ಟರೆ ದಪ್ಪ ಹಾಕಿ. ಬಿಡದಿದ್ದರೆ ತೆಳು ಹಾಕಿ.”

“ಗುಡ್ಡದ ಚಡಾವಿನಲ್ಲಿ ಬಿಡ್ತದೆ, ಸಮ ರಸ್ತೆಯಲ್ಲಿ ಬಿಡುವುದಿಲ್ಲ.”

“ಹಾಗಾರೆ ಚಡಾವಿಗೆ ಒಂದು, ಸಮಕ್ಕೆ ಒಂದು ತಕೊಂಡು ಹೋಗಿ” ಎಂದು ಅವನು ನಕ್ಕ. ನನಗೆ ನಗು ಬರಲಿಲ್ಲ. ಎಣ್ಣೆ ಕೊಳ್ಳಲು ಬಂದಿದ್ದ ಮೂವರು ಮೂರು ಡಬ್ಬ ಬೊಟ್ಟು ಮಾಡಿ ತೋರಿಸಿದರು. ಅವರಲ್ಲಿ ಒಬ್ಬನಿಗೆ ಇದ್ದದ್ದು ಹುಲ್ಲು ಕತ್ತರಿಸುವ ಯಂತ್ರ.

ಆಗ ನೆನಪಾದವರು ಭಟ್ಕಳದ ಇಸ್ಮಾಯಿಲ್ ಸಾಹೇಬರು. ನನ್ನ ಜೊತೆಗೇ ಗಣಿತ ಕಲಿಸುತ್ತಿದ್ದವರು, ಇಂಥದೇ ಕಾರು ಇಟ್ಟುಕೊಂಡಿದ್ದವರು. ಫೋನ್ ಮಾಡಿದರೆ, “ಎಣ್ಣೆಯ ಮಾತು ಫೋನಿನಲ್ಲಿ ಆಗುವುದಲ್ಲ ಮಾಸ್ಟರ್, ಬನ್ನಿ” ಎಂದರು. ಒಂದೂಕಾಲು ಗಂಟೆ ಬಸ್ಸಿನಲ್ಲಿ ನಿಂತುಕೊಂಡು ಹೋದೆ. ಚಹಾ ಬಂತು, ಹಲ್ವ ಬಂತು. ಕೊನೆಗೆ ಅವರ ತಮ್ಮ ದುಬೈಯಿಂದ ತಂದದ್ದೆಂದು ಒಂದು ಹೊಳೆಯುವ ಡಬ್ಬವೂ ಬಂತು. ಒಳಗಿನದು ಕೋಕಮ್ ಶರಬತ್ತಿನಂತೆ ಕೆಂಪಗೆ ತೆಳ್ಳಗಿತ್ತು.

“ಗೇರಿಗೆ ಇದನ್ನೇ ಹಾಕಿ. ಅಲ್ಲಿ ಎಲ್ಲ ಇದನ್ನೇ ಹಾಕುವುದು.”

ಕನ್ನಡಕ ಏರಿಸಿ ಡಬ್ಬದ ಮೇಲಿನ ಬರಹ ಓದಿದೆ. “ಸಾಹೇಬರೆ, ಇದು ತಾನಾಗಿಯೇ ಗೇರ್ ಬದಲಿಸಿಕೊಳ್ಳುವ ಕಾರಿಗೆ. ನನ್ನದಕ್ಕೆ ಎರಡನೇ ಗೇರು ಬೀಳಬೇಕಾದರೆ ನಾನು ಸೀಟಿನಿಂದ ಅರ್ಧ ಏಳಬೇಕು.”

“ಒಳ್ಳೆಯ ಎಣ್ಣೆ ಹಾಕಿ ನೋಡಿ. ನಿಮ್ಮದೂ ಕಲಿತೀತು.”

“ನಿಮ್ಮ ಕಾರಿಗೆ ಯಾವುದು ಹಾಕುತ್ತಿದ್ದಿರಿ?”

ಅವರು ಗಡ್ಡ ನೀವಿಕೊಂಡು, “ನಿಮ್ಮನ್ನು ಕೇಳಿಯೇ ಹಾಕುತ್ತಿದ್ದೆನಲ್ಲ? ಹಸಿರು ಡಬ್ಬ” ಎಂದರು.

ಎರಡೂವರೆಗೆ ಮನೆಗೆ ಬಂದಾಗ ಅಕ್ಕ ಜಗಲಿಯ ಮೇಲೆ ಕೂತಿದ್ದಳು. ಅವಳ ಮುಖದ ಮೇಲೆ ಅಷ್ಟು ನೆಮ್ಮದಿ ನೋಡಿ ಬಹಳ ದಿನವಾಗಿತ್ತು. “ಸಿಕ್ಕಲಿಲ್ಲ ಅಲ್ದಾ ತಮಾ? ಬಿಡು. ಗಾಡಿಗೂ ವಯಸ್ಸಾತು, ಪಾಪ. ಅದಕ್ಕೆ ತ್ರಾಸು ಕೊಡುದು ಬೇಡ. ಕಣ್ಣು ಎಲ್ಲಿಗೂ ಓಡಿ ಹೋಗುದಿಲ್ಲ. ಯುಗಾದಿ ಕಳೀಲಿ.” ನಾನು ಒಳಗೆ ಹೋಗುತ್ತಿದ್ದರೆ, “ಅಂಗಿಯ ಬೆನ್ನಿಗೆ ಎಣ್ಣೆ ಬಡ್ಕಂಡಿದ್ದು ನೋಡು” ಎಂದಳು. ಹೇಗೆ ಕಂಡಿತೋ ಆ ಬೆಕ್ಕಿಗೇ ಗೊತ್ತು.

ಬಕೆಟ್ ಹಿಂದಕ್ಕೆ ಕೊಡಲು ಮಾಸ್ತಪ್ಪ ಬಂದದ್ದು ಮೂರೂವರೆಗೆ. “ಹಳೆಯ ಎಣ್ಣೆಯನ್ನಾದರೂ ವಾಪಸು ಕೊಡು ಮಾರಾಯ, ನಾಳೆ ಒಂದು ದಿನ ಓಡಿಸ್ತೇನೆ” ಎಂದು ಕೇಳುವ ಮಟ್ಟಕ್ಕೆ ನಾನು ಇಳಿದಿದ್ದೆ.

“ಅಯ್ಯೋ, ಬಳ್ದು ಆತಲ್ಲ! ದೋಣಿ ಒಣಗೂಕೆ ಹಾಕಿ ಬಂದೆ. ಹೊಸದು ತರಲಿಲ್ವಾ?”

“ನಂಬರು ಗೊತ್ತಿಲ್ಲ.”

“ಎಂಥ ನಂಬರು? ಡಬ್ಬದ ಮೇಲಿಂದಾ?” ಎಂದವನೇ ಸೈಕಲ್ ತಿರುಗಿಸಿಕೊಂಡು ಹೋದ. ಮುಕ್ಕಾಲು ಗಂಟೆಯಲ್ಲಿ ಎರಡು ತಗಡು ಹಿಡಿದುಕೊಂಡು ಬಂದ. ಎಣ್ಣೆಯ ಜೊತೆ ಖಾಲಿ ಡಬ್ಬಗಳನ್ನೂ ಅವನೇ ಒಯ್ಯುತ್ತಿದ್ದದ್ದು ನನಗೆ ಮರೆತೇ ಹೋಗಿತ್ತು. ದೊಡ್ಡ ಡಬ್ಬವನ್ನು ಓರೆಯಾಗಿ ಕತ್ತರಿಸಿ ಹಿಡಿಕೆ ಹೊಡೆದು ದೋಣಿಯ ನೀರು ತೋಡಲು ಇಟ್ಟುಕೊಂಡಿದ್ದ. ಸಣ್ಣದರಲ್ಲಿ ಗಾಳದ ಸರಂಜಾಮು. ಉಪ್ಪುನೀರು ತಿಂದು ಹಸಿರೆಲ್ಲ ಹೋಗಿದ್ದರೂ ಅಂಕಿಗಳು ಉಳಿದಿದ್ದವು. ದೊಡ್ಡದರಲ್ಲಿ ಇಪ್ಪತ್ತು-ನಲವತ್ತು, ಸಣ್ಣದರಲ್ಲಿ ತೊಂಬತ್ತು.

“ಬೆಳಿಗ್ಗೆಯೇ ಹೇಳಬಾರದಿತ್ತಾ?” ಎಂದು ಗದರಿಸಿದೆ.

“ಬೆಳಿಗ್ಗೆ ನೀವು ಕೇಳಿದ್ದು ಬಕೆಟ್ ಎಷ್ಟು ಗಂಟೆಗೆ ತರ್ತೆ ಅಂತ ಮಾತ್ರ” ಎಂದ ಮಾಸ್ತಪ್ಪ.

ಅಂಗಡಿಯ ಹಿಂದಿನ ಬಾಗಿಲು ಬಡಿದು, ಮಧ್ಯಾಹ್ನದ ನಿದ್ದೆ ಇನ್ನೂ ಮುಗಿಯದ ಪಾಂಡುರಂಗನಿಂದ ಎರಡೂ ಎಣ್ಣೆ ತಂದು, ಸುರಿದು, ಅಳೆದು, ಕೈ ತೊಳೆದು, ಆರು ಗಂಟೆಗೆ ಕೀಲಿ ತಿರುಗಿಸಿದೆ. ಕಾರು ಒಂದೇ ಸಲಕ್ಕೆ ಎದ್ದಿತು. ಜಗಲಿಯ ಮೇಲೆ ಅಕ್ಕನ ಮುಖ ಸಣ್ಣದಾಯಿತು. ನಾನು ಗೆದ್ದವನಂತೆ ಶಾರದೆಯ ಕಡೆ ನೋಡಿದೆ.

“ಆತಾ? ಒಳ್ಳೇದಾತು” ಎಂದಳು ಅವಳು. “ನಾನು ಬೆಳಿಗ್ಗೆ ಒಂಬತ್ತಕ್ಕೇ ರಿಕ್ಷಾದವನಿಗೆ ಹೇಳಿ ಇಟ್ಟಿದ್ದೆ. ನಾಳೆ ಆರೂವರೆಗೆ ಬತ್ತ. ನಿಮ್ಮಿಬ್ಬರನ್ನೂ ನಂಬೂಕಾಗ.”

“ಅಕ್ಕನ ವಿಷಯ ಸರಿ. ನಾನೆಂತ ಮಾಡಿದೆ?”

“ಗಡುವಿಗೆ ಇನ್ನೂ ಇನ್ನೂರು ಕಿಲೋಮೀಟರ್ ಇತ್ತು. ಕುಮಟೆಗೆ ನಾಲ್ಕು ಸಲ ಹೋಗಿ ಬರೂಕಾಗ್ತಿತ್ತು. ಆ ಪುಸ್ತಕ ನನಗೂ ಓದೂಕೆ ಬತ್ತದೆ. ಅವರು ಹಲ್ಲು ಹಿಡ್ಕಂಡ್ರು, ನೀವು ಎಣ್ಣೆ ಹಿಡ್ಕಂಡ್ರಿ. ಹೆದರಿಕೆ ಇಬ್ಬರಿಗೂ ಒಂದೇ.”

ನನಗೆ ಎಂಥ ಹೆದರಿಕೆ ಎಂದು ಜೋರು ಮಾಡಬೇಕೆಂದಿದ್ದೆ. ಅಷ್ಟರಲ್ಲಿ ಅಕ್ಕ ಕಂಬ ಹಿಡಿದುಕೊಂಡು ಎದ್ದು ನಿಂತಳು. “ರಿಕ್ಷಾದಲ್ಲಿ ನಾ ಬರುದಿಲ್ಲ. ನನ್ನ ಸೊಂಟ ಹೊಂಡಕ್ಕೊಂದು ಚೂರು ಉದುರ್ತದೆ. ತಮ್ಮ ಪಾಪ ಇಡೀ ದಿವಸ ಊಟ ಬಿಟ್ಟು ಓಡಾಡಿದ. ಅವನ ಗಾಡಿಯಲ್ಲೇ ಬತ್ತೆ.” ಇಷ್ಟು ಹೇಳಿ ತಾನೇ ಒಳಗೆ ಹೋಗಿ ಸೀರೆಯ ಚೀಲ ತಂದು ಕಾರಿನ ಹಿಂದಿನ ಸೀಟಿನ ಮೇಲೆ ಇಟ್ಟಳು. ಅದು ಅಲ್ಲಿಯೇ ಇದೆಯೇ ಎಂದು ಎರಡು ಸಲ ಮುಟ್ಟಿ ನೋಡಿದಳು. ನಾನು ಬಾಗಿಲು ಮುಚ್ಚಿದೆ. ಮತ್ತೆ ತೆರೆದು ಇನ್ನೊಮ್ಮೆ ಮುಚ್ಚಿದೆ.

ಆ ದಿನದ ಕೊನೆಯ ಕೆಲಸ ರಿಕ್ಷಾದವನಿಗೆ ಬರಬೇಡವೆಂದು ಹೇಳಿ ಬರುವುದು. ಏಳು ಗಂಟೆಗೆ ಅವನ ಮನೆಗೆ ಹೋದೆ. ಹೇಳಬೇಕಾದ ಮಾತನ್ನು ದಾರಿಯುದ್ದಕ್ಕೂ ಸಿದ್ಧ ಮಾಡಿಕೊಂಡಿದ್ದೆ. ಹೇಳಿದ್ದು ಬೇರೆ.

“ಆರೂವರೆಗೆ ಸರಿಯಾಗಿ ಬಾ. ಮನೆಯ ಮುಂದೆ ಬೇಡ, ತಿರುವಿನಲ್ಲಿ ನಿಂತಿರು. ನಮ್ಮ ಕಾರು ಹೊರಟ ಮೇಲೆ ಹಿಂದಿನಿಂದ ಬಾ, ಕುಮಟೆಯ ತನಕ. ಹಾರ್ನ್ ಹೊಡೆಯಬೇಡ. ಹೆಂಗಸರಿಗೆ ಗೊತ್ತಾಗಬಾರದು.”

“ಎಂತಕ್ಕೆ ಮಾಸ್ತರ್ರೆ? ಎಣ್ಣೆ ಸರಿ ಬಿದ್ದಿಲ್ವಾ?”

“ಎಣ್ಣೆ ಸರಿಯಿದೆ.”

“ಮತ್ತೆಂತ ಸರಿ ಇಲ್ಲ?”

ಡ್ರಿಲ್ಲಿನ ಸಾಲಿನಲ್ಲಿ ಮುಂದಿನವನಿಗೂ ಹಿಂದಿನವನಿಗೂ ನಡುವೆ ಎಷ್ಟು ಅಂತರ ಇರಬೇಕೆಂದು ಕೈ ನೀಳವಾಗಿ ಚಾಚಿ ತೋರಿಸಿಕೊಟ್ಟು ಮನೆಗೆ ಬಂದೆ.