ದೊರೆಯನ್ನು ‘ಮಲಗಿಸಿದ’ ಡಾಕ್ಟರರಿಗೆ

ಸಾಕುಪ್ರಾಣಿಗಳ ಚಿಕಿತ್ಸಾಲಯದ ಮುಖ್ಯ ವೈದ್ಯರೂ, ಮೃದುಭಾಷಿಗಳೂ, ಎಂಥ ಕೆಲಸವನ್ನೂ ಇಂಗ್ಲಿಷಿನ ಒಂದೇ ಶಬ್ದದಲ್ಲಿ ಮುಗಿಸಿ ಕೈ ತೊಳೆದುಕೊಳ್ಳಬಲ್ಲವರೂ ಆದ ಮಾನ್ಯರೇ,

ತಮಗೂ, ತಮ್ಮ ಬಿಳಿಯ ಕೋಟಿಗೂ, ತಮ್ಮ ತಣ್ಣನೆಯ ಕೊಠಡಿಗೂ ಶಾಲಾ ಸಮವಸ್ತ್ರ ಹೊಲಿಯುವ ದರ್ಜಿಯಾದ ನನ್ನ ನಮಸ್ಕಾರಗಳು. ತಾವು ಕ್ಷೇಮವೆಂದೂ, ಹಾಸಿಗೆಗೆ ಬೆನ್ನು ಕೊಟ್ಟೊಡನೆ ತಮಗೆ ನಿದ್ದೆ ಹತ್ತುತ್ತದೆಂದೂ ನಂಬಿದ್ದೇನೆ. ಹತ್ತದೇ ಇರಲು ತಮಗೆ ಕಾರಣವಾದರೂ ಏನಿದೆ?

ನನ್ನ ನೆನಪು ತಮಗಿರಲಾರದು. ನನ್ನ ಅತ್ತೆಯವರ ನೆನಪು ಮಾಡಿಕೊಡುತ್ತೇನೆ. ಬೆನ್ನು ಬಾಗಿದ, ಗಂಟಲು ಮಾತ್ರ ಬಾಗದ ಮುದುಕಿ. ಹಳೆಯ ಟವೆಲಿನಲ್ಲಿ ಸುತ್ತಿದ ಕಂದು ನಾಯಿಯನ್ನು ಮಗುವಿನಂತೆ ಎತ್ತಿಕೊಂಡು ತಮ್ಮಲ್ಲಿಗೆ ಬಂದಿದ್ದವರು. ನಾಯಿಯ ಹೆಸರು ದೊರೆ. ನನ್ನ ಮಾವ ತೀರಿಕೊಂಡ ವರ್ಷ ತಾನಾಗಿಯೇ ಮನೆಗೆ ಬಂದು ಮಾವನ ಕುರ್ಚಿಯ ಕೆಳಗೆ ಮಲಗಿದ್ದಕ್ಕೆ ಅತ್ತೆ ಇಟ್ಟ ಹೆಸರು ಅದು. ಅಂದಿನಿಂದ ಸೊಸೆಯಾದ ನನ್ನ ಮೇಲಿನ ದೂರುಗಳನ್ನೆಲ್ಲ ಅವರು ನನ್ನ ಬದಲು ಅವನ ಮುಂದೆ ಹೇಳಿಕೊಳ್ಳುತ್ತಿದ್ದರು. ನಾನು ಹೊಲಿಗೆ ಯಂತ್ರ ನಿಲ್ಲಿಸಿ ಕೇಳಿಸಿಕೊಂಡು, ನನಗೆ ಬೇಕಾದಷ್ಟನ್ನು ಮಾತ್ರ ತಿದ್ದಿಕೊಳ್ಳುತ್ತಿದ್ದೆ. ನಮ್ಮ ಮನೆಯ ಶಾಂತಿ ನಡೆಯುತ್ತಿದ್ದದ್ದು ಹಾಗೆ.

ದೊರೆಯ ಕಿವಿಯಲ್ಲಿ ಕೀವು ತುಂಬಿತ್ತು. ತಲೆ ಒದರುತ್ತಾ, ಕುಂಯ್‌ಗುಡುತ್ತಾ, ತಾನೂ ನಿದ್ದೆ ಮಾಡದೆ ಅತ್ತೆಗೂ ಮಾಡಗೊಡದೆ ಒಂದು ವಾರ ಕಳೆದ. ಅತ್ತೆ ಅವನನ್ನು ತಮ್ಮ ಮೇಜಿನ ಮೇಲೆ ಇಳಿಸಿದಾಗ ತಾವು ಔಷಧ ಕಂಪನಿಯವನೊಡನೆ ಊಟದ ಹೋಟೆಲಿನ ವಿಚಾರ ಮಾತಾಡುತ್ತಿದ್ದಿರಂತೆ. ಆಗ ತಮ್ಮ ಬಾಯಲ್ಲಿ ನಮ್ಮ ಭಾಷೆ ನೀರಿನಂತೆ ಹರಿಯುತ್ತಿತ್ತಂತೆ. ನಾಯಿಯ ಕಡೆ ತಿರುಗಿದೊಡನೆ ಅದು ಬತ್ತಿಹೋಯಿತು. ಕಿವಿಗೆ ಟಾರ್ಚು ಬಿಟ್ಟಿರಿ, ವಯಸ್ಸು ಕೇಳಿದಿರಿ, “ಟೂ ಓಲ್ಡ್. ಬೆಟರ್ ಟು ಪುಟ್ ಹಿಮ್ ಟು ಸ್ಲೀಪ್. ಓಕೆನಾ ಅಮ್ಮಾ?” ಎಂದಿರಿ.

ಸ್ಲೀಪ್ ಎಂದರೆ ನಿದ್ದೆ ಎಂಬುದು ಅತ್ತೆಗೆ ಶಾಲೆಯಲ್ಲೇ ಬಾಯಿಪಾಠವಾಗಿದ್ದ ವಿಷಯ. ಅವರು ಕೈಮುಗಿದರು.

“ಮಾಡ್ಸಿ ಡಾಕ್ಟ್ರೇ, ಪುಣ್ಯ ಬರುತ್ತೆ ನಿಮಗೆ. ಒಂದು ವಾರ ಆಯ್ತು, ಪಾಪ ಕಣ್ಣು ಮುಚ್ಚಿಲ್ಲ ಅವನು.”

ತಾವು ಒಂದೇ ಸೂಜಿಯಲ್ಲಿ ಆ ಪುಣ್ಯವನ್ನು ಕೂಡಲೇ ಸಂಪಾದಿಸಿದಿರಿ.

ಹೊರಗೆ ಬೆಂಚಿನ ಮೇಲೆ ಕೂತ ಅತ್ತೆಗೆ ಒಂದಿಷ್ಟು ಆತಂಕವಾಗದೆ ಇರಲಿಲ್ಲ. ಆದರೆ ಕೌಂಟರಿನ ಹುಡುಗಿ ಯಾರಿಗೋ “ಸಿಸ್ಟಮ್ ಸ್ಲೀಪಿಗೆ ಹೋಗಿದೆ, ಒಂದ್ನಿಮಿಷ ಇರಿ” ಎಂದು ಗುಂಡಿಯೊಂದನ್ನು ತಟ್ಟಿದಳು. ಕಪ್ಪಗಿದ್ದ ಪರದೆ ಬೆಳಗಿತು. ಸ್ಲೀಪಿಗೆ ಹೋದದ್ದು ತಟ್ಟಿದರೆ ಏಳುತ್ತದೆಂದು ಕಣ್ಣಾರೆ ಕಂಡ ಅತ್ತೆ ನಿರಾಳವಾದರು. ಎದ್ದಾಗ ಹಸಿದಿರುತ್ತಾನೆಂದು ಪಕ್ಕದ ಅಂಗಡಿಯಿಂದ ಬ್ರೆಡ್ಡು ತಂದು ಮಡಿಲಲ್ಲಿಟ್ಟುಕೊಂಡು ಕಾದರು. ತಮ್ಮ ಸಿಬ್ಬಂದಿ ಅವರ ಮುಂದೆಯೇ ಹೋದರು, ಬಂದರು, ಮೆಲ್ಲಗೆ ನಕ್ಕರು, ಒಬ್ಬರು ನೀರು ಕೂಡ ಕೊಟ್ಟರು. ಅಷ್ಟು ಸೌಜನ್ಯ ಎಲ್ಲಿ ಸಿಗುತ್ತದೆ? ಹೇಳಬೇಕಾದದ್ದೊಂದನ್ನು ಬಿಟ್ಟು ಬೇರೆಲ್ಲವನ್ನೂ ಮಾಡಿದರು.

ಕತ್ತಲಾಗುವ ಮುಂಚೆ ಅಂಗಡಿ ಮುಚ್ಚಿ ನಾನು ಹುಡುಕಿಕೊಂಡು ಬಂದೆ. ಬಾಗಿಲಲ್ಲೇ ಅತ್ತೆ ತುಟಿಯ ಮೇಲೆ ಬೆರಳಿಟ್ಟರು.

“ಶ್! ಮೆಲ್ಲಗೆ. ದೊರೆ ಮಲಗಿದ್ದಾನೆ.”

ನಾನು ಕೌಂಟರಿನತ್ತ ನೋಡಿದೆ. ಹುಡುಗಿ ತಲೆ ತಗ್ಗಿಸಿದಳು. ತಾವು ಅದಾಗಲೇ ಕಾರು ಹತ್ತಿ ಹೊರಟಿದ್ದಿರಿ. ಇಷ್ಟೆಲ್ಲ ಓದಿದ ತಮ್ಮ ನಾಲಿಗೆಗೆ ಎಟುಕದ ಆ ಕ್ರಿಯಾಪದವನ್ನು ನಾನೇ ಉಚ್ಚರಿಸಬೇಕಾಯಿತು: “ಅತ್ತೇ, ದೊರೆ ಸತ್ತೋಗಿದ್ದಾನೆ.”

ಅವರು ನನ್ನ ಕೆನ್ನೆಗೆ ಬಾರಿಸಿದರು. ಮಾನ್ಯರೇ, ಅದು ತಮಗೆ ಸೇರಬೇಕಾದ ಏಟು. ತಾವು ಸ್ಥಳದಲ್ಲಿಲ್ಲದ ಕಾರಣ ತಮ್ಮ ಪರವಾಗಿ ನಾನು ಪಡೆದುಕೊಂಡಿದ್ದೇನೆ. ತಾವು ಯಾವಾಗ ಬಯಸಿದರೂ ಯಥಾವತ್ತಾಗಿ ತಲುಪಿಸಲು ಬದ್ಧಳಾಗಿದ್ದೇನೆ.

ಮರುದಿನ ದೂರು ಹೇಳಲು ಬಂದಾಗ ತಾವು ತೋರಿದ ಆತ್ಮೀಯತೆಯನ್ನು ಮರೆಯಲಾರೆ. “ಕೋಪದಲ್ಲಿ ಏನೂ ತೀರ್ಮಾನ ಮಾಡ್ಬೇಡಿ, ಸ್ಲೀಪ್ ಆನ್ ಇಟ್” ಎಂದಿರಿ, ಎಂದರೆ ಒಂದು ರಾತ್ರಿ ಮಲಗೆದ್ದು ಯೋಚಿಸಬೇಕಂತೆ. ಹಾಗಾದರೆ ಮಾಲೀಕರನ್ನೇ ಕಾಣುತ್ತೇನೆಂದರೆ, ಅವರು ಸ್ಲೀಪಿಂಗ್ ಪಾರ್ಟ್‌ನರ್, ಬಂಡವಾಳ ಹಾಕಿದ್ದಾರಷ್ಟೆ, ಇಲ್ಲಿಗೆ ಬರುವುದಿಲ್ಲವೆಂದಿರಿ. ಎಂಥ ಸಂಸ್ಥೆ! ವೈದ್ಯರು ಮಲಗಿಸುವವರು, ಮಾಲೀಕರು ಮಲಗಿಯೇ ಲಾಭ ತಿನ್ನುವವರು, ಯಂತ್ರವೂ ನಡುನಡುವೆ ತೂಕಡಿಸುವುದು; ಇಷ್ಟು ನಿದ್ದೆಯ ನಡುವೆ ಇಡೀ ಮಧ್ಯಾಹ್ನ ಎಚ್ಚರವಾಗಿದ್ದವರು ನನ್ನ ಅತ್ತೆ ಒಬ್ಬರೇ. ನಾಯಿಯನ್ನು ಸೂಜಿ ಹಾಕಿ ಕೊಲ್ಲುವುದಕ್ಕೂ ಇಂಗ್ಲಿಷಿನಲ್ಲಿ ‘ಸ್ಲೀಪ್’ ಎಂದೇ ಹೆಸರಂತೆ. ಸಾವನ್ನು ಮೆತ್ತಗೆ ಹೇಳುವ ಚಾಳಿ ನಮ್ಮ ಭಾಷೆಗೂ ಉಂಟು, ಒಪ್ಪುತ್ತೇನೆ. ಆದರೆ ಅದು ನಿದ್ರೆಯ ಮುಂದೆ ‘ಚಿರ’ ಎಂಬ ಎರಡಕ್ಷರವನ್ನಾದರೂ ಕಾವಲಿಗೆ ನಿಲ್ಲಿಸುತ್ತದೆ. ಆದ್ದರಿಂದ ತಮ್ಮ ಆ ಶಬ್ದವನ್ನು ನನ್ನ ಅಂಗಡಿಗೆ ಕಳುಹಿಸಿಕೊಡಬೇಕೆಂದು ವಿನಂತಿ. ಒಂದೊಂದು ಅರ್ಥಕ್ಕೂ ಒಂದೊಂದು ಬಣ್ಣದ ಸಮವಸ್ತ್ರ ಹೊಲಿದುಕೊಡುತ್ತೇನೆ, ಮಕ್ಕಳ ನಿದ್ದೆ ಯಾವುದು, ಕೊಲೆಗಾರ ನಿದ್ದೆ ಯಾವುದೆಂದು ದೂರದಿಂದಲೇ ಗೊತ್ತಾಗಲಿ.

ಕತೆ ಅಲ್ಲಿಗೇ ಮುಗಿದಿದ್ದರೆ ತಮಗೆ ಈ ತೊಂದರೆ ಕೊಡುತ್ತಿರಲಿಲ್ಲ. ಅತ್ತೆಯ ಪಿತ್ತಕೋಶದಲ್ಲಿ ಕಲ್ಲಾಗಿ, ಆಪರೇಷನ್ ಆಗಲೇಬೇಕೆಂದರು. ದೊಡ್ಡಾಸ್ಪತ್ರೆಯಲ್ಲಿ ನರ್ಸೊಬ್ಬಳು ಪ್ರೀತಿಯಿಂದಲೇ, “ಏನೂ ಗೊತ್ತಾಗಲ್ಲ ಅಜ್ಜಿ, ಸ್ಲೀಪ್ ಮಾಡಿಸ್ತೀವಿ” ಎಂದಳು. ಅತ್ತೆ ಆಸ್ಪತ್ರೆಯ ಹಸಿರು ಅಂಗಿಯಲ್ಲೇ ಮಂಚದಿಂದಿಳಿದು ಗೇಟಿನವರೆಗೆ ನಡೆದುಬಿಟ್ಟರು. ನಾನು ಹಿಂದೆ ಓಡಿದೆ. ನೋವಿಗೆ ಎರಡಾಗಿ ಬಗ್ಗಿದ್ದರೂ ಗೇಟಿನ ಕಂಬಿ ಬಿಡಲೊಲ್ಲರು.

“ನನ್ನನ್ನೂ ಸಾಯಿಸೋಕೆ ಒಪ್ಕೊಂಡ್ಯೇನೇ?”

ಅವರು ಹಾಗೆ ಕೇಳಿದಾಗ, ಕೆನ್ನೆಗೆ ಬಿದ್ದ ಏಟು ಏನೇನೂ ಅಲ್ಲ ಅನ್ನಿಸಿತು. ಕೊನೆಗೆ ಆಪರೇಷನ್ ಮಾಡುವ ಡಾಕ್ಟರಮ್ಮನೇ ಹೊರಗೆ ಬಂದು, ಗೇಟಿನ ಕಟ್ಟೆಯ ಮೇಲೆ ಅತ್ತೆಯ ಪಕ್ಕ ಕೂತು, ಮನೆಮಾತಿನಲ್ಲಿ ಹೇಳಿದರು: “ಮೈಮರೆಯೋ ಔಷಧ ಕೊಡ್ತೀವಿ ಅಮ್ಮ. ಕೆಲಸ ಮುಗಿದ ಮೇಲೆ ಎಬ್ಬಿಸ್ತೀವಿ. ಅಪಾಯ ಇಲ್ಲವೇ ಇಲ್ಲ ಅಂತ ಹೇಳಲ್ಲ, ಆದ್ರೆ ತುಂಬ ಕಮ್ಮಿ.” ಅಪಾಯವೆಂಬ ಮಾತು ಕೇಳಿದ ಮೇಲೆಯೇ ಅತ್ತೆ ನಂಬಿದ್ದು. ಕಂಬಿ ಬಿಟ್ಟು ಎದ್ದರು.

ಆಪರೇಷನ್ ಚೆನ್ನಾಗಿ ಆಯಿತು. ಎಚ್ಚರವಾದಾಗ ಅತ್ತೆ ನನ್ನ ಕೈ ಹಿಡಿದು ಕೇಳಿದರು: “ನಂಗೆ ಎಚ್ಚರ ಆಯ್ತಲ್ಲೇ. ಅವನಿಗೆ ಯಾಕೆ ಆಗ್ಲಿಲ್ಲ?”

ಅದರ ಉತ್ತರ ತಮ್ಮಲ್ಲಿದೆ. ದಯಮಾಡಿ ನಮ್ಮ ಮನೆಗೆ ಬಿಜಯಂಗೈದು, ಕರ್ತೃ, ಕರ್ಮ, ಕ್ರಿಯಾಪದ ಮೂರೂ ಇರುವ ಒಂದು ಪೂರ್ಣ ವಾಕ್ಯದಲ್ಲಿ ಅವರಿಗೆ ಉತ್ತರಿಸಬೇಕೆಂದು ಪ್ರಾರ್ಥನೆ.

ಇಂತು, ತಮ್ಮ ಸೌಜನ್ಯದಿಂದ ಇನ್ನೂ ಚೇತರಿಸಿಕೊಳ್ಳುತ್ತಿರುವ,
ತಮ್ಮ ವಿಶ್ವಾಸಿ,
ದರ್ಜಿ ಸೊಸೆ

ತಾ.ಕ.: ಬರುವಾಗ ಇಂಗ್ಲಿಷನ್ನು ಕಾರಿನಲ್ಲೇ ಬಿಟ್ಟು ಬನ್ನಿ. ವಾಕ್ಯ ‘ನಾನು’ ಎಂದು ಶುರುವಾಗಬೇಕು. ಅಲ್ಲಿಂದ ಮುಂದೆ ನಾಲಿಗೆ ತಡವರಿಸಿದರೆ ಗಾಬರಿ ಬೇಡ, ಅತ್ತೆ ಹೇಳಿಕೊಡುತ್ತಾರೆ.