ಎಡಗೈ ಮುದ್ದೆ

ಓದಿದವರಿಗೆ ಒಂದು ಭ್ರಮೆ ಇರುತ್ತದೆ. ಕಾರಣ ಕೊಟ್ಟು ಹೇಳಿದರೆ ಎದುರಿನವರು ಒಪ್ಪಿಯೇ ಒಪ್ಪುತ್ತಾರೆ ಅಂತ. ನಮ್ಮ ವಂಶದಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವಳು ನಾನು. ಯಾರೂ ಕೇಳದಿದ್ದರೂ ಇದನ್ನು ಹೇಳಿಬಿಡುವುದು ನನ್ನ ಅಭ್ಯಾಸ. ಹಾಗಾಗಿ ಆ ಭ್ರಮೆಯ ಪೂರ್ತಿ ಪಾಲು ನನಗೇ ಬಂದಿತ್ತು. ಅದನ್ನು ಇಳಿಸಿದ್ದು ಒಂದು ರಾಗಿಮುದ್ದೆ.

ತೊಂಬತ್ತರ ದಶಕದ ಮಾತು. ಶೀಳನೆರೆ ಹತ್ತಿರದ ನಮ್ಮೂರಿನಲ್ಲಿ ಅಪ್ಪನಿಗೆ ಲಕ್ವ ಹೊಡೆದು ಬಲಭಾಗ ಬಿದ್ದುಹೋಯಿತು. ಮಾತು ತೊದಲಿತು, ಬೈಗುಳ ಮಾತ್ರ ಮೊದಲಿನಷ್ಟೇ ಸ್ಪಷ್ಟ. ಅವ್ವ ಗದ್ದೆ, ಹಸು, ಡೇರಿ ಅಂತ ಹೊರಟರೆ ಬರುವುದು ಸಂಜೆಗೆ. ಅಪ್ಪನ ಮೈ ಒರೆಸಿ, ಪಂಚೆ ಬದಲಿಸಿ, ಗೋಡೆಗೆ ಒರಗಿಸಿ ಕೂರಿಸಿ, ತುತ್ತಿಡುವುದೆಲ್ಲ ನನ್ನ ಪಾಲು. ಅದೇ ಹೊತ್ತಿಗೆ ಪಾಂಡವಪುರದ ಒಂದು ಶಾಲೆಯಲ್ಲಿ ಟೀಚರ್ ಕೆಲಸ ಸಿಕ್ಕಿತ್ತು. ಹಗಲು ಬಂದು ನೋಡಿಕೊಳ್ಳಲು ಪಕ್ಕದ ಮನೆಯ ಚಿಕ್ಕಪ್ಪ ಒಪ್ಪಿದ್ದ. ಆದರೆ ತನ್ನ ತಮ್ಮನ ಕೈತುತ್ತು ತಿನ್ನಲು ಅಪ್ಪ ಸುತರಾಂ ತಯಾರಿರಲಿಲ್ಲ. ಮಧ್ಯಾಹ್ನ ತಾನಾಗಿ ಉಂಡರೆ ನಾನು ಬೆಳಗಿನ ಬಸ್ಸು ಹತ್ತಬಹುದು. ಉಣ್ಣದಿದ್ದರೆ ಕೆಲಸದ ಆಸೆ ಬಿಡಬೇಕು.

ಎಡಗೈ ಗಟ್ಟಿಯಾಗಿಯೇ ಇತ್ತು. ಅಪ್ಪ ಅದನ್ನು ತಟ್ಟೆಗೆ ತಾಗಿಸಲಿಲ್ಲ.

"ಈ ಕೈ ತೊಳ್ಕಳಕ್ಕೆ, ಎಬ್ಬೆಟ್ ಒತ್ತಕ್ಕೆ. ಉಣ್ಣಕ್ಕಲ್ಲ ಕಣವ್ವ."

"ಎರಡು ಕೈಲೂ ಓಡೋದು ಒಂದೇ ರಕ್ತ ಕಣಪ್ಪ."

"ಕಾಲಲ್ಲೂ ಅದೇ ರಕ್ತ ಓಡ್ತದೆ. ಕಾಲಲ್ಲಿ ಉಣ್ತೀಯಾ?"

ಚಮಚ ಕೊಟ್ಟೆ. "ಇದೇನ್ ಮುದ್ದೆಯಾ, ಔಸ್ದಿಯಾ?" ಎಂದು ಬದಿಗೆ ತಳ್ಳಿದ. ನಾನು ತುತ್ತಿಟ್ಟರೆ ಬಾಯಿ ತೆರೆಯುತ್ತಿದ್ದ, ಕಣ್ಣು ಮುಚ್ಚಿಕೊಂಡು. ಆ ಮುಚ್ಚಿದ ಕಣ್ಣು ನೋಡಲು ನನ್ನಿಂದ ಆಗುತ್ತಿರಲಿಲ್ಲ. ಅರ್ಧ ಮುದ್ದೆಗೆ ಸಾಕೆನ್ನುತ್ತಿದ್ದ. ಮೈ ಇಳಿಯುತ್ತಾ ಬಂತು.

ಕಾರಣಗಳೆಲ್ಲ ಮುಗಿದ ಮೇಲೆ ಒಂದು ಮಧ್ಯಾಹ್ನ ನನ್ನ ತಟ್ಟೆಯನ್ನೂ ತಂದು ಅಪ್ಪನ ಎದುರು ಕೂತು ಎಡಗೈ ಹಾಕಿದೆ. ಮುದ್ದೆ ಜಾರಿ ಬಸ್ಸಾರಿಗೆ ಬಿತ್ತು. ಸಾರು ನನ್ನ ಮೂಗಿನವರೆಗೆ ಹಾರಿತು.

"ಬೆರಳ ಒದ್ದೆ ಮಾಡ್ಕೊ," ಅಂದ ಅಪ್ಪ.

"ಮಾಡ್ಕೊಂಡೆ."

"ಇಸುಕ್ಬ್ಯಾಡ, ಮುರಿ. ಡಿಗ್ರಿ ಮಾಡ್ಬುಟ್ಟು ಒಂದ್ ತುತ್ ಮುರಿಯಕ್ಕಾಗಕಿಲ್ವಲ್ಲೇ."

ಹೇಳಿ ಹೇಳಿ ಸಾಕಾಯಿತೇನೋ, ಅಪ್ಪನ ಎಡಗೈ ತಾನಾಗಿ ಅವನ ತಟ್ಟೆಗೇ ಇಳಿಯಿತು. ಮುರಿದ, ಉರುಳಿಸಿದ, ಸಾರಿನಲ್ಲಿ ಅದ್ದಿದ. ಇಷ್ಟಾದ ಮೇಲೆ ತುತ್ತನ್ನು ಏನು ಮಾಡುವುದು? ನಮ್ಮ ಕಡೆ ಅದ್ದಿದ ತುತ್ತನ್ನು ಯಾರೂ ವಾಪಸ್ಸು ಇಡುವುದಿಲ್ಲ. ನನ್ನನ್ನೊಮ್ಮೆ ನೋಡಿ ಬಾಯಿಗೆ ಹಾಕಿಕೊಂಡ. ಕಣ್ಣು ತೆರೆದೇ ಇತ್ತು. ನೋಡಿಯೂ ನೋಡದವಳಂತೆ ನಾನು ತಲೆ ಬಗ್ಗಿಸಿ ನನ್ನ ಮುದ್ದೆಯ ಜೊತೆ ಗುದ್ದಾಡುತ್ತಿದ್ದೆ.

ಅಲ್ಲಿಂದ ಮುಂದೆ ಅಪ್ಪ ಊಟಕ್ಕೆ ಕೂರುತ್ತಿದ್ದದ್ದೇ ನನ್ನನ್ನು ಸೋಲಿಸಲು. ನಾನು ಸೋಲುತ್ತಲೇ ಇದ್ದೆ. ಬೇಕಂತ ಅಲ್ಲ, ನಿಜವಾಗಿಯೂ ಬರುತ್ತಿರಲಿಲ್ಲ. ಅಂತೂ ನನಗೂ ಕೈ ಕುದುರುವ ಹೊತ್ತಿಗೆ ಅಪ್ಪ ಇಡೀ ಮುದ್ದೆ ಮುಗಿಸುತ್ತಿದ್ದ. ನಾನು ಬಸ್ಸು ಹತ್ತಿದೆ.

ಶಾಲೆಯ ಮೊದಲ ಮಧ್ಯಾಹ್ನ, ಸ್ಟಾಫ್ ರೂಮಿನಲ್ಲಿ ಡಬ್ಬಿ ಬಿಚ್ಚಿ, ವಂಶದ ಮೊದಲ ಪದವೀಧರೆ ಎಂಬ ಗತ್ತಿನಲ್ಲಿ ಊಟ ಶುರುಮಾಡಿದೆ. ಪಕ್ಕದ ಟೀಚರು ಮೆಲ್ಲಗೆ ತಮ್ಮ ಡಬ್ಬಿ ಅತ್ತ ಎಳೆದುಕೊಂಡು ಕೇಳಿದರು: "ಅದ್ಯಾವ ಕೈಯಮ್ಮ?"

ಸಂಜೆ ಅಪ್ಪನಿಗೆ ಹೇಳಿದೆ. ತೊಡೆಯ ಮೇಲೆ ಬಿದ್ದಿದ್ದ ಬಲಗೈಯನ್ನು ಅಪ್ಪ ಸ್ವಲ್ಪ ಹೊತ್ತು ನೋಡಿದ.

"ಬಲಗೈಲಿ ಉಣ್ಣೋದು ನಂಗೂ ಮರ್ತೋಯ್ತು ಕಣವ್ವ. ನಿಮ್ಮವ್ವನ್ ಕೇಳು."

ತಟ್ಟೆ ಹಿಡಿದು ಅವ್ವನ ಪಕ್ಕ ಹೋಗಿ ಕೂತೆ.