ಪಿಕಪ್ ಗಾಡಿಯ ಅಡಿಯಲ್ಲಿ ನಾಲ್ಕು ದಿನ

ನನ್ನದು ಅನುಮಾನದ ಸ್ವಭಾವ ಎಂದು ನಮ್ಮ ಮನೆಯವರೆಲ್ಲ ಹೇಳುತ್ತಾರೆ. ಅವರೆಲ್ಲ ಒಂದೇ ಮಾತನ್ನು ಒಂದೇ ರೀತಿಯಲ್ಲಿ ಹೇಳುವುದರಿಂದ, ಮೊದಲೇ ಸೇರಿ ಮಾತಾಡಿಕೊಂಡಿದ್ದಾರೆಯೇ ಎಂಬ ಅನುಮಾನ ನನಗಿದೆ. ಟೈಲರು ಬಟ್ಟೆಯನ್ನು ಅಳೆಯುವಾಗ ನಾನೂ ಮನಸ್ಸಿನಲ್ಲೇ ಅಳೆಯುತ್ತೇನೆ. ಡಾಕ್ಟರು ನನ್ನ ಎದೆಗೆ ಯಂತ್ರವಿಟ್ಟು ಕಣ್ಣು ಮುಚ್ಚಿದರೆ, ಕೇಳಿಸಿಕೊಳ್ಳುತ್ತಿದ್ದಾರೋ ತೂಕಡಿಸುತ್ತಿದ್ದಾರೋ ಎಂದು ನೋಡುತ್ತೇನೆ. ಮದುವೆಯ ಹೊಸತರಲ್ಲಿ ಹೆಂಡತಿ ನನ್ನನ್ನು ಹೊಗಳಿದಾಗ ಏನು ಬೇಕಾಗಿತ್ತು ಎಂದು ಕೇಳಿದ್ದೆನಂತೆ. ಆಮೇಲೆ ಅವಳು ಹೊಗಳಿದ ನೆನಪಿಲ್ಲ.

ಆದರೆ ನನ್ನ ಅನುಮಾನ ಪೂರ್ತಿಯಾಗಿ ಅರಳುವುದು ಮೆಕ್ಯಾನಿಕರ ಮುಂದೆ. ನಮ್ಮದು ಚೆನ್ನೈನ ಪುರಸೈವಾಕ್ಕಂನಲ್ಲಿ ಒಂದು ಸಣ್ಣ ಊಟದ ಹೋಟೆಲು. ಕುಂದಾಪುರದ ಕಡೆಯಿಂದ ಬಂದ ಅಪ್ಪ ಹಾಕಿದ ಒಲೆ, ನಾನು ಆರದಂತೆ ನೋಡಿಕೊಂಡಿದ್ದೇನೆ. ದಿನಾ ಬೆಳಿಗ್ಗೆ ಪಲ್ಲಾವರಂನ ಒಂದು ಕಾರ್ಖಾನೆಯ ಕ್ಯಾಂಟೀನಿಗೆ ಅನ್ನ, ಸಾಂಬಾರು, ಪಲ್ಯಗಳನ್ನು ದೊಡ್ಡ ಪಾತ್ರೆಗಳಲ್ಲಿ ಕಳಿಸುತ್ತೇವೆ. ಅದಕ್ಕೆಂದೇ ಹಳೆಯದೊಂದು ಪಿಕಪ್ ಗಾಡಿಯಿದೆ. ಅದನ್ನು ಹದಿನೆಂಟು ವರ್ಷಗಳಿಂದ ಓಡಿಸುತ್ತಿರುವವನು ಮುರುಗೇಶನ್. ನಮ್ಮ ಮನೆಯ ಮಾತು ಕೇಳಿ ಕೇಳಿ ಕನ್ನಡ ಕಲಿತವನು, ಕಡಿಮೆ ಮಾತಿನವನು. ಆದರೂ ಯಜಮಾನನಾದ ನಾನು ಅವನಿಗೆ ತಮಿಳಿನ ಮುದಲಾಳಿಯೇ, ಗಾಡಿ ವಂಡಿಯೇ. ಗಾಡಿ ಕೆಟ್ಟರೆ ಅವನು ಕರೆದೊಯ್ಯುತ್ತಿದ್ದುದು ಸೈದಾಪೇಟೆಯ ಏಳುಮಲೈ ಎಂಬ ಮೆಕ್ಯಾನಿಕನ ಹತ್ತಿರ. ಏಳುಮಲೈ ಒಳ್ಳೆಯ ಸಾಮಾನು ಬಿಚ್ಚಿಟ್ಟುಕೊಂಡು ಹಳೆಯದನ್ನು ಹಾಕುತ್ತಾನೆಂದು ನನಗೆ ಒಳಗೊಳಗೇ ಖಾತ್ರಿ. ಹಾಗಾಗಿ ಒಮ್ಮೆ ಹೆಂಡತಿಯ ಕೆಂಪು ಉಗುರುಬಣ್ಣ ತೆಗೆದುಕೊಂಡು ಗಾಡಿಯ ಮುಖ್ಯ ಭಾಗಗಳಿಗೆಲ್ಲ ಒಂದೊಂದು ಬೊಟ್ಟು ಇಟ್ಟು ಕಳಿಸಿದ್ದೆ. ಬೊಟ್ಟುಗಳೆಲ್ಲ ಹಾಗೆಯೇ ತಿರುಗಿ ಬಂದವು. ಅವನಲ್ಲೂ ಅದೇ ಬಣ್ಣ ಇರಬಹುದೆಂದು ನಾನು ಸುಮ್ಮನಾದೆ.

ಕಳೆದ ಪೊಂಗಲ್ ಹಬ್ಬಕ್ಕೆ ಕಾರ್ಖಾನೆಗೆ ನಾಲ್ಕು ದಿನ ರಜೆ ಬಂತು. ಗಾಡಿಯ ಹಿಂಭಾಗ ಭಾರಕ್ಕೆ ಕುಸಿಯುತ್ತಿತ್ತು, ಬ್ರೇಕು ಸವೆದಿತ್ತು, ಸೈಲೆನ್ಸರ್ ತುಕ್ಕು ಹಿಡಿದಿತ್ತು. ಏಳುಮಲೈಗೆ ತೋರಿಸೋಣವೆಂದ ಮುರುಗೇಶನ್. ನಾನು ಅವನಿಗೆ ರಜೆ ಕೊಟ್ಟು ಕಳಿಸಿ, ಫೋನಿನಲ್ಲಿ ವಿಡಿಯೋಗಳನ್ನು ನೋಡತೊಡಗಿದೆ. ಯಾವುದೋ ದೇಶದ ಒಬ್ಬ ಗಡ್ಡದ ಮನುಷ್ಯ ತನ್ನ ಗಾಡಿಯನ್ನು ತಾನೇ ಬಿಚ್ಚಿ, ಕಾಲು ಗಂಟೆಯಲ್ಲಿ ಜೋಡಿಸಿ, ನಗುತ್ತಾ ಕೈ ಒರೆಸಿಕೊಳ್ಳುತ್ತಿದ್ದ. ಸಾಂಬಾರಿಗೆ ಇಂಗು ಎಷ್ಟೆಂದು ಕೈಯಳತೆಯಲ್ಲಿ ಹೇಳುವ ನನಗೆ ಇದು ಬಾರದೇ ಎನ್ನಿಸಿತು.

"ನಿಮಗೆ ಎಂಥಕ್ಕೆ ಮಾರಾಯ್ರೆ ಇದೆಲ್ಲ? ಫ್ಯಾನಿನ ಸ್ವಿಚ್ಚು ಸರಿ ಮಾಡ್ತೇನೆ ಅಂತ ಹೋಗಿ ಇಡೀ ಮನೆಯ ಕರೆಂಟು ತೆಗೆದದ್ದು ಮರ್ತು ಹೋಯ್ತಾ?" ಎಂದಳು ಹೆಂಡತಿ. ಕಾಲೇಜಿಗೆ ಹೋಗುವ ಮಗಳು ಕನ್ನಡದಲ್ಲಿ ಕೇಳಿದ್ದಕ್ಕೆ ತಮಿಳಿನಲ್ಲೇ ಉತ್ತರ ಕೊಡುವವಳು. "ವೇಂಡಾಂಪಾ" ಎಂದು ಒಂದೇ ಪದದಲ್ಲಿ ಬೇಡವೆಂದು ಹೇಳಿ ಒಳಗೆ ಹೋದಳು. ಇಬ್ಬರೂ ಸೇರಿ ಏಳುಮಲೈ ಪರ ವಹಿಸುವುದು ನನಗೆ ಸರಿಕಾಣಲಿಲ್ಲ.

ಮೊದಲ ದಿನ ಪಲ್ಲಾವರಂನ ವಾರದ ಸಂತೆಗೆ ಹೋದೆ. ಅಲ್ಲಿ ಹಳೆಯ ಹೊಲಿಗೆ ಯಂತ್ರದಿಂದ ಹಿಡಿದು ಒಂಟಿ ಚಪ್ಪಲಿಯವರೆಗೆ ಎಲ್ಲವೂ ಸಿಗುತ್ತದೆ. ಯಾವುದೋ ಲಾರಿಯಿಂದ ಕಳಚಿದ ಎರಡು ಕಮಾನು ಪಟ್ಟಿಗಳನ್ನು ಆರಿಸಿಕೊಂಡೆ. ಹಿಂದಿನ ಚಕ್ರಗಳ ಮೇಲೆ ಬಿಲ್ಲಿನಂತೆ ಬಾಗಿ ಭಾರ ಹೊರುವ ಉಕ್ಕಿನ ಪಟ್ಟಿಗಳಿವು. ಎರಡನೆಯ ದಿನ ಹೋಟೆಲಿನ ಹಿಂದಿನ ಗಲ್ಲಿಯಲ್ಲಿ ಗಾಡಿಯನ್ನು ಜಾಕಿನ ಮೇಲೆ ಎತ್ತಿ, ಅಡಿಗೆ ಗೋಣಿಚೀಲ ಹಾಸಿಕೊಂಡು ಮಲಗಿದೆ. ಮಲಗಿದಾಗ ಮೇಲಿನಿಂದ ಏನಾದರೊಂದು ಕಣ್ಣಿಗೆ ಬೀಳುತ್ತಿತ್ತು. ಎದ್ದಾಗ ತಲೆಗೆ ತಾಗುತ್ತಿತ್ತು. ಆದರೂ ಪಟ್ಟಿಗಳು ಕೂತವು. ಮೂರನೆಯ ದಿನ ಹಿಂದಿನ ಚಕ್ರಗಳನ್ನು ಬಿಚ್ಚಿ ಹೊಸ ಬ್ರೇಕ್ ಶೂ ಹಾಕಿದೆ. ಎಲ್ಲ ಜೋಡಿಸಿದ ಮೇಲೆ ಒಂದು ಸಣ್ಣ ಸ್ಪ್ರಿಂಗು ಕೈಯಲ್ಲಿ ಉಳಿಯಿತು. ಅಂಗಡಿಯವನು ಒಂದು ಹೆಚ್ಚಿಗೆ ಕೊಟ್ಟಿರಬೇಕು ಎಂದುಕೊಂಡೆ. ಇಷ್ಟು ವರ್ಷಗಳಲ್ಲಿ ಅಂಗಡಿಯವನೊಬ್ಬನನ್ನು ನಾನು ಪೂರ್ತಿಯಾಗಿ ನಂಬಿದ್ದು ಅದೊಂದೇ ಸಲ. ನಾಲ್ಕನೆಯ ದಿನ ಸೈಲೆನ್ಸರಿನ ಒಳಗಿನ ತಗಡುಗಳನ್ನೆಲ್ಲ ಕಿತ್ತು ಹಾಕಿದೆ. ಹಾಗೆ ಮಾಡಿದರೆ ಇಂಜಿನ್ನಿಗೆ ಉಸಿರಾಟ ಸಲೀಸಾಗುತ್ತದೆಂದು ಗಡ್ಡದವನು ಹೇಳಿದ್ದ. ಚಾಲೂ ಮಾಡಿದಾಗ ಎದುರು ಮನೆಯ ಅಜ್ಜಿ ಕಿಟಕಿ ಮುಚ್ಚಿಕೊಂಡರು. ನನಗೆ ಮಾತ್ರ ಆ ಸದ್ದು ಹಿಡಿಸಿತು. ಇನ್ನು ಮೇಲೆ ಮುರುಗೇಶನ್ ಎಷ್ಟು ಹೊತ್ತಿಗೆ ಹೊರಟ, ಎಷ್ಟು ಹೊತ್ತಿಗೆ ಬಂದ ಎಂಬುದು ಗಲ್ಲಾದಲ್ಲಿ ಕೂತೇ ತಿಳಿಯುತ್ತದಲ್ಲ.

ರಜೆ ಮುಗಿದು ಮೊದಲ ದಿನ ಪಲ್ಲಾವರಂಗೆ ಹೋಗಿ ಬಂದ ಮುರುಗೇಶನ್ ಗಾಡಿಯಿಂದ ಇಳಿದು ಸ್ವಲ್ಪ ಹೊತ್ತು ಬಾಗಿಲು ಹಿಡಿದುಕೊಂಡೇ ನಿಂತಿದ್ದ.

"ಮುದಲಾಳಿ, ಬ್ರೇಕ್ ಒತ್ತಿದ್ರೆ ವಂಡಿ ಎಡಕ್ಕೆ ಓಡ್ತದೆ. ಒಂದ್ಸಲ ಏಳುಮಲೈ ಹತ್ರ ತೋರಿಸ್ಲಾ?"

ನಾನು ಅವನ ಮುಖವನ್ನೇ ನೋಡಿದೆ. ಇವರಿಬ್ಬರೂ ಒಂದಾಗಿದ್ದಾರೆಂಬುದು ಸ್ಪಷ್ಟವಾಯಿತು. ಹೊಸ ಸಾಮಾನು ಹಾಗೆಯೇ, ನಾಲ್ಕು ದಿನ ಓಡಿಸಿದರೆ ತಾನಾಗಿ ಸೆಟ್ ಆಗುತ್ತದೆ ಎಂದೆ. ಅವನು "ಸರಿ ಮುದಲಾಳಿ" ಎಂದು ಹೋದ.

ಮರುದಿನ ಅವನು ಬ್ರೇಕಿನ ವಿಷಯ ಎತ್ತಲಿಲ್ಲ. ನಾನಾಗಿ ಕೇಳಿದಾಗ ಈಗ ಪರವಾಗಿಲ್ಲ ಎಂದ. ಮೂರನೆಯ ದಿನ ಸೈಲೆನ್ಸರಿನ ಸದ್ದು ಅರ್ಧಕ್ಕೆ ಇಳಿಯಿತು. ಹೊಗೆಯ ಮಸಿ ಕೂತು ಸದ್ದು ತಾನಾಗಿ ಮೆತ್ತಗಾಗುತ್ತದೆ ಎಂದು ಊಟಕ್ಕೆ ಬಂದ ಗಿರಾಕಿಗಳಿಗೆಲ್ಲ ವಿವರಿಸಿದೆ. ಹೆಂಡತಿಗಂತೂ ಎರಡು ಸಲ ವಿವರಿಸಿದೆ.

ಆದರೆ ಅದೇ ಹೊತ್ತಿಗೆ ಬೇರೆ ಎರಡು ಸಂಗತಿಗಳು ನನ್ನ ನಿದ್ದೆ ಕೆಡಿಸಿದವು. ಕ್ಯಾಂಟೀನಿನ ಮ್ಯಾನೇಜರು ಫೋನ್ ಮಾಡಿ, ಸಾಂಬಾರಿನ ಪಾತ್ರೆ ದಿನಾ ಎರಡು ಬೆರಳು ಕಡಿಮೆ ಬರುತ್ತಿದೆ ಎಂದರು. ಎರಡು ಗಂಟೆಗೆ ವಾಪಸು ಬರುತ್ತಿದ್ದ ಮುರುಗೇಶನ್ ಈಗ ನಾಲ್ಕಕ್ಕೆ ಬರುತ್ತಿದ್ದ. ಯಾಕೆಂದು ಕೇಳಿದರೆ ಟ್ರಾಫಿಕ್ ಎಂದ. ಹದಿನೆಂಟು ವರ್ಷಗಳಲ್ಲಿ ಅವನ ಬಾಯಲ್ಲಿ ಆ ನೆಪ ಬಂದಿರಲಿಲ್ಲ. ನನಗೆ ಎಲ್ಲವೂ ಒಂದಕ್ಕೊಂದು ಕೂಡಿಕೊಂಡಿತು. ದಾರಿಯಲ್ಲಿ ಯಾವುದೋ ಗೂಡಂಗಡಿಗೆ ನನ್ನ ಸಾಂಬಾರು ಸುರಿದು, ವಾಪಸು ಬರುವಾಗ ಅಲ್ಲೇ ಕೂತು ಕಾಲ ಕಳೆಯುತ್ತಾನೆ. ಹೆಂಡತಿಗೆ ಹೇಳಿದಾಗ ಅವಳು ಅಕ್ಕಿ ಆರಿಸುವುದನ್ನು ನಿಲ್ಲಿಸಿ ನನ್ನನ್ನು ನೋಡಿದಳು.

"ನಿಮ್ಮ ಅಪ್ಪಯ್ಯನಿಗೆ ಹುಷಾರಿಲ್ಲದಾಗ ಹೆಗಲ ಮೇಲೆ ಹೊತ್ಕಂಡು ಆಸ್ಪತ್ರೆ ಮೆಟ್ಲು ಹತ್ತಿದವ ಅವ. ಸಾಂಬಾರು ಕದೀತಾನಾ?"

ಹೊತ್ತವನು ನಂಬಿಗಸ್ತನೆಂದು ತೋರಿಸಿಕೊಳ್ಳಲೆಂದೇ ಹೊತ್ತಿರಬಹುದಲ್ಲ ಎಂದು ನನ್ನ ಬಾಯಿಯ ತುದಿಗೆ ಬಂದಿತ್ತು. ಅದನ್ನು ಹೇಳದಷ್ಟು ವಿವೇಕ ಆ ದಿನ ಹೇಗೋ ಉಳಿದಿತ್ತು.

ಮಾರನೆಯ ದಿನ ಗಾಡಿ ಹೊರಟ ಮೇಲೆ ಪ್ಯಾರೀಸ್ ಕಾರ್ನರಿಗೆ ಪಾತ್ರೆ ಕೊಳ್ಳಲು ಹೋಗುತ್ತೇನೆಂದು ಮನೆಯಲ್ಲಿ ಹೇಳಿ, ಲೋಕಲ್ ರೈಲು ಹತ್ತಿ ಪಲ್ಲಾವರಂನಲ್ಲಿ ಇಳಿದೆ. ಕಾರ್ಖಾನೆಯ ಎದುರು ಆಟೋದಲ್ಲಿ ಕೂತು ಕಾದೆ. ಖಾಲಿ ಪಾತ್ರೆಗಳನ್ನು ತುಂಬಿಕೊಂಡು ಮುರುಗೇಶನ್ ಹೊರಟ. ಆ ಗಾಡಿಯ ಹಿಂದೆ ಹೋಗು ಎಂದಾಗ ಆಟೋದವನು ನನ್ನನ್ನು ಮಫ್ತಿಯಲ್ಲಿರುವ ಪೊಲೀಸನೆಂದು ತಿಳಿದು ಬಹಳ ಉತ್ಸಾಹದಿಂದ ಓಡಿಸಿದ. ಸೈದಾಪೇಟೆ ಬಂದಾಗ ಪಿಕಪ್ ಮುಖ್ಯರಸ್ತೆ ಬಿಟ್ಟು ಒಂದು ಗಲ್ಲಿಗೆ ತಿರುಗಿತು. ಅನುಮಾನ ನಿಜವಾಗುವ ಹೊತ್ತಿಗೆ ಮನಸ್ಸಿಗೆ ಒಂದು ಸಂತೋಷವಾಗುತ್ತದೆ. ಅದನ್ನು ಇಲ್ಲಿ ಒಪ್ಪಿಕೊಳ್ಳುತ್ತೇನೆ.

ಗಾಡಿ ನಿಂತದ್ದು ಏಳುಮಲೈನ ಶೆಡ್ಡಿನ ಮುಂದೆ. ಎದುರಿಗೇ ಒಂದು ಇಸ್ತ್ರಿ ಗಾಡಿಯಿತ್ತು. ನಾನು ಅದರ ಮರೆಯಲ್ಲಿ ನಿಂತೆ. ಇಸ್ತ್ರಿಯವನು ಬಟ್ಟೆ ಎಲ್ಲಿ ಎಂದು ಕೇಳಿದ. ಬೇರೆ ದಾರಿ ಕಾಣದೆ ಜೇಬಿನ ಕರವಸ್ತ್ರ ತೆಗೆದುಕೊಟ್ಟೆ.

ಮುರುಗೇಶನ್ ಮುಂದಿನ ಸೀಟಿನಿಂದ ಒಂದು ಟಿಫಿನ್ ಕ್ಯಾರಿಯರ್ ಇಳಿಸಿದ. ಏಳುಮಲೈ ಮುಚ್ಚಳ ತೆಗೆದು ಮೂಸಿ ನೋಡಿ ತಲೆಯಾಡಿಸಿದ. ನನ್ನ ಸಾಂಬಾರು! ಮುನ್ನುಗ್ಗಲು ಒಂದು ಕಾಲು ಎತ್ತಿದ್ದೆ, ಅಷ್ಟರಲ್ಲಿ ಇಬ್ಬರೂ ಗಾಡಿಯನ್ನು ಜಾಕಿನ ಮೇಲೆ ಎತ್ತಿ ಅಡಿಗೆ ನುಗ್ಗಿದರು. ಅವರ ತಮಿಳು ಮಾತು ನನಗೆ ಚೆನ್ನಾಗಿ ಕೇಳುತ್ತಿತ್ತು. ಈ ಪಟ್ಟಿ ಲಾರಿಯದು, ಇದನ್ನು ಹಾಕಿದ ಮೇಲೆ ಗಾಡಿ ಪ್ರತಿ ಹಳ್ಳಕ್ಕೂ ಕುದುರೆಯ ಹಾಗೆ ಹಾರುತ್ತದೆ, ಸಾಂಬಾರು ಚೆಲ್ಲದೆ ಇನ್ನೇನಾಗುತ್ತದೆ ಎಂದು ಏಳುಮಲೈ ಬೈಯುತ್ತಿದ್ದ. ಸೈಲೆನ್ಸರಿಗೆ ಮೊನ್ನೆ ಹೊಸ ತಗಡು ಕೂರಿಸಿದ್ದಾಯಿತು, ಇವತ್ತು ಈ ಪಟ್ಟಿಯನ್ನೂ ಬದಲಿಸಿದರೆ ಎಲ್ಲ ಮುಗಿಯಿತು ಎಂದ. ಆಮೇಲೆ ಸ್ವರ ತಗ್ಗಿಸಿ ಬ್ರೇಕಿನ ವಿಷಯ ತೆಗೆದ. ಆ ಮೊದಲ ದಿನ ಸೇತುವೆ ಇಳಿಯುವಾಗ ಗಾಡಿ ಎಡಕ್ಕೆ ಹೊರಳಿ ಶಾಲೆಯ ವ್ಯಾನಿಗೆ ಒಂದು ಗೇಣು ಉಳಿಸಿ ನಿಂತಿತಲ್ಲ, ಅದನ್ನು ನಿನ್ನ ಮುದಲಾಳಿಗೆ ಹೇಳಿದೆಯಾ ಎಂದು ಕೇಳಿದ. ಒಳಗೆ ಒಂದು ಸ್ಪ್ರಿಂಗೇ ಇರಲಿಲ್ಲವಂತೆ.

ನನ್ನ ಕೈ ತಾನಾಗಿ ಜೇಬಿಗೆ ಹೋಯಿತು. ಜೇಬಿನಲ್ಲಿ ಕರವಸ್ತ್ರವೂ ಇರಲಿಲ್ಲ, ಬೆವರು ಒರೆಸಿಕೊಳ್ಳಲು.

ಮುರುಗೇಶನ್ ಬೋಲ್ಟು ತಿರುಗಿಸುತ್ತಲೇ ಹೇಳಿದ: "ಪಾವಂ, ಹಬ್ಬದ ನಾಲ್ಕು ದಿನ ಮಣ್ಣಲ್ಲಿ ಮಲಗಿ ಮಾಡಿದ್ದಾರೆ. ಹೇಳಿದ್ರೆ ಮನಸ್ಸು ನೋಯ್ತದೆ. ವಂಡಿ ಸರಿಯಾದ್ರೆ ಸಾಕು."

ಆ 'ಪಾವಂ' ಇದೆಯಲ್ಲ, ಪಾಪ ಎನ್ನುವ ಆ ತಮಿಳು ಮಾತು, ಅದು ನನ್ನ ಮೇಲೆ ಗಾಡಿಗಿಂತ ಭಾರವಾಗಿ ಕೂತಿತು. ಕಳ್ಳನನ್ನು ಹಿಡಿಯಲು ಬಂದವನು ನಾನು. ಸಾಂಬಾರು ಕೊಂಡೊಯ್ದದ್ದೂ ನಿಜ, ಏಳುಮಲೈ ಜೊತೆ ಸೇರಿಕೊಂಡದ್ದೂ ನಿಜ, ಟ್ರಾಫಿಕ್ ಎಂದದ್ದು ಸುಳ್ಳೆಂಬುದೂ ನಿಜ. ನನ್ನ ಅನುಮಾನಗಳಲ್ಲಿ ಒಂದೂ ತಪ್ಪಿರಲಿಲ್ಲ. ತಪ್ಪಿದ್ದು ಮನುಷ್ಯನ ವಿಷಯದಲ್ಲಿ ಮಾತ್ರ. ಆ ವ್ಯಾನಿನಲ್ಲಿ ಎಷ್ಟು ಮಕ್ಕಳಿದ್ದರೋ ಎಂದು ಯೋಚಿಸುತ್ತಾ, ನಾಲ್ಕು ಮಡಿಕೆಯಾದ ಕರವಸ್ತ್ರ ಹಿಡಿದುಕೊಂಡು ಗಲ್ಲಿಯ ಇನ್ನೊಂದು ತುದಿಯಿಂದ ಹೊರಗೆ ನಡೆದೆ.

ನಾಲ್ಕು ಗಂಟೆಗೆ ಮುರುಗೇಶನ್ ಬಂದ. ಗಾಡಿ ಹೇಗಿದೆ ಎಂದು ಕೇಳಿದೆ.

"ಈಗ ಜೋರಾಗಿದೆ ಮುದಲಾಳಿ. ನೀವು ಹೇಳಿದ ಹಾಗೇ ಸೆಟ್ ಆಯ್ತು."

ನಿಜ ಹೇಳಿಬಿಡೋಣವೆಂದು ಎರಡು ಸಲ ಗಂಟಲು ಸರಿಮಾಡಿಕೊಂಡೆ. ಕಡೆಗೆ ಹೇಳಿದ್ದು ಇಷ್ಟು: ನನಗೆ ಸೊಂಟ ಹಿಡಿದಿದೆ, ಇನ್ನು ಗಾಡಿಯ ಅಡಿಗೆ ಮಲಗಲಾಗುವುದಿಲ್ಲ, ಮುಂದೆ ಏನಿದ್ದರೂ ಏಳುಮಲೈಗೇ ತೋರಿಸು.

ಅವನು ನನ್ನನ್ನು ಒಂದು ಕ್ಷಣ ಹೆಚ್ಚಿಗೆ ನೋಡಿದ. "ಅವನ ಮೇಲೆ ನಿಮಗೆ ನಂಬಿಕೆ ಇಲ್ವಲ್ಲ?"

"ಈಗಲೂ ಇಲ್ಲ. ನೀನು ಹತ್ರ ನಿಂತಿರು, ಸಾಕು" ಎಂದೆ. "ಅವನಿಗೆ ಊಟ ತೆಗೆದುಕೊಂಡು ಹೋಗು. ಸಾಂಬಾರು ಬೇರೆಯಾಗಿ ತುಂಬಿಸು."

ಅವನಿಗೆ ಎಷ್ಟು ಅರ್ಥವಾಯಿತೋ ಗೊತ್ತಿಲ್ಲ. "ಸರಿ ಮುದಲಾಳಿ" ಎಂದು ಪಾತ್ರೆಗಳನ್ನು ಇಳಿಸಲು ಹೋದ.

ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಮುಂದಿನ ವಾರ ಒಂದು ಬೆಳಿಗ್ಗೆ, ದಿನದ ಪದ್ಧತಿಯಂತೆ ಕುದಿಯುವ ಸಾಂಬಾರಿನ ರುಚಿ ನೋಡಿ, ಉಪ್ಪು ಸಾಲದೆಂದು ನನ್ನ ಕೈಯಿಂದಲೇ ಒಂದು ಹಿಡಿ ಹಾಕಿ ಹೊರಗೆ ಬಂದೆ. ಕನ್ನಡಕ ಮರೆತದ್ದು ನೆನಪಾಗಿ ತಿರುಗಿ ಹೋದರೆ, ನಮ್ಮ ಅಡುಗೆಯ ಶೀನ ಭಟ್ಟರು ತೆಗೆದಿಟ್ಟಿದ್ದ ಬೇಯಿಸಿದ ಬೇಳೆಯನ್ನೂ ಬಿಸಿನೀರನ್ನೂ ಅದೇ ಪಾತ್ರೆಗೆ ಸುರಿದು, ರುಚಿ ನೋಡಿ, ಸಮಾಧಾನದಿಂದ ತಲೆಯಾಡಿಸುತ್ತಿದ್ದರು. ಆ ಬೇಳೆ ಮೊದಲೇ ಸಿದ್ಧವಾಗಿತ್ತು. ಎಂದರೆ ಇದು ಎಷ್ಟು ವರ್ಷಗಳಿಂದ ನಡೆದಿದೆ? ಭಟ್ಟರು ನನ್ನನ್ನು ನೋಡಲಿಲ್ಲ. ನಾನು ಕನ್ನಡಕ ಬಿಟ್ಟು ಹಿಂದೆ ಬಂದು ಗಲ್ಲಾದಲ್ಲಿ ಕೂತೆ. ಆ ದಿನ ಮೂವರು ಗಿರಾಕಿಗಳು ಸಾಂಬಾರನ್ನು ಹೊಗಳಿದರು. ನಾನು ಎಂದಿನಂತೆ ಕೈಮುಗಿದೆ.

ಈಗ ಅಡುಗೆಮನೆಗೆ ಹೋಗುವ ಮೊದಲು ಬಾಗಿಲಾಚೆ ನಿಂತು ಎರಡು ಸಲ ಜೋರಾಗಿ ಕೆಮ್ಮುತ್ತೇನೆ. ಕೆಮ್ಮು ಕೇಳಿ ಕೇಳಿ ಹೆಂಡತಿ ದಿನಾ ಸಂಜೆ ಒಂದು ಲೋಟ ಕಷಾಯ ತಂದಿಡುತ್ತಿದ್ದಾಳೆ. ವಿಪರೀತ ಕಹಿ. ಅದಕ್ಕೆ ಏನೇನು ಹಾಕುತ್ತಾಳೆಂದು ನಾನು ಈವರೆಗೆ ಕೇಳಿಲ್ಲ. ಕಣ್ಣು ಮುಚ್ಚಿ ಕುಡಿಯುತ್ತಿದ್ದೇನೆ.